ಪದಚರ್ಚೆ: ‘ಕೋದೋ ಕೋ ಢಿಂಡೋ’ಗೆ ಕನ್ನಡದಲ್ಲಿ ಏನು? (ನಾಳೆ 11ಕ್ಕೆ ಅಚ್ಚಿಗೆ)

ತುಮಕೂರಿನಿಂದ:
ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಕಚೇರಿಯ ಆರು ಜನ ಇಲ್ಲಿನ ನೇಪಾಳಿ ಹೋಟೆಲಿಗೆ ಊಟಕ್ಕೆ ಹೋಗಿದ್ದೆವು. ‘ಕೋದೋ ಕೋ ಢಿಂಡೋ’ ಮೂರು ತಟ್ಟೆ ತರಿಸಿ ಹಂಚಿಕೊಂಡೆವು. ನಡುವೆ ಕಂದುಬಣ್ಣದ ಬಿಸಿ ಗುಡ್ಡೆ, ಅದರ ಗುಳಿಯಲ್ಲಿ ತುಪ್ಪ, ಪಕ್ಕದಲ್ಲಿ ಬೇಳೆ, ಮೂಲಂಗಿ ಅಚಾರ್, ಹುಳಿ ಬರಿಸಿ ಒಣಗಿಸಿದ ಸೊಪ್ಪಿನ ಗುಂದ್ರುಕ್ ಸಾರು. ಜೊತೆಗಿದ್ದ ಶಿರಾದ ಗೆಳತಿ ಒಂದು ತುತ್ತು ಮುರಿದು, ಸಾರಿಗೆ ಅದ್ದಿ, ಅಗಿಯದೆ ನುಂಗಿದಳು. ಬಡಿಸುತ್ತಿದ್ದ ಹುಡುಗ ನಕ್ಕುಬಿಟ್ಟ. ಅವರ ಊರಿನಲ್ಲೂ ಅದನ್ನು ಅಗಿಯುವುದಿಲ್ಲವಂತೆ.

ಮಾಲೀಕರು ಕನ್ನಡದ ತಿಂಡಿಪಟ್ಟಿ ಅಚ್ಚು ಹಾಕಿಸುತ್ತಿದ್ದಾರೆ. ಯಾರೋ ಮಾಡಿಕೊಟ್ಟ ಕರಡಿನಲ್ಲಿ ಇದಕ್ಕೆ ‘ಹಾರಕದ ಗಂಜಿ’ ಎಂದಿದೆ. ನಾನು ತಿಂದದ್ದು ಗಂಜಿಯಂತೂ ಅಲ್ಲ. ‘ಭಾತ್’, ‘ತರಕಾರಿ’ ಎರಡನ್ನೂ ಹಾಗೆಯೇ ಬಿಟ್ಟಿದ್ದಾರೆ. ದಯವಿಟ್ಟು ಬೇಗ ತಿಳಿಸಿ.

ಮಾಲೂರಿನಿಂದ:
ಮೇಡಂ, ಕರಡು ಮಾಡಿದವರು ಹಿಂದಿ ನಿಘಂಟು ನೋಡಿದ್ದಾರೆ. ಹಿಂದಿಯ ಕೋದೋ ನಮ್ಮ ಹಾರಕವೆಂಬ ಕಿರುಧಾನ್ಯ, ನೇಪಾಳಿಯ ಕೋದೋ ನಮ್ಮ ರಾಗಿ. ಕುದಿಯುವ ನೀರಿಗೆ ಹಿಟ್ಟು ಹಾಕಿ ಕೋಲಿನಿಂದ ತೊಳಸಿದ್ದು ರಾಗಿ ಮುದ್ದೆಯಲ್ಲದೆ ಇನ್ನೇನು? ಭಾತ್ ಎಂದರೆ ಅಲ್ಲಿ ಬರಿಯ ಅನ್ನ. ಹಾಗೆಯೇ ಬಿಟ್ಟರೆ ನಮ್ಮವರು ವಾಂಗಿಬಾತ್ ಬರುತ್ತದೆಂದು ಕಾದು ಕೂರುತ್ತಾರೆ. ತರಕಾರಿ ಅವರಿಗೆ ಬೇಯಿಸಿದ ಪಲ್ಯ, ನಮಗೆ ಸಂತೆಯ ಚೀಲದಲ್ಲಿರುವುದು. ಮೂರನ್ನೂ ತಿದ್ದಿಸಿ. ಇಲ್ಲಿಗೆ ಮುಗಿಯಿತು.

ಚಿಂತಾಮಣಿಯಿಂದ:
ಮುಗಿಯಲಿಲ್ಲ. ಮುದ್ದೆ ಎಂಬುದು ಆಕಾರದ ಹೆಸರು, ಅಡುಗೆಯದಲ್ಲ. ತೆಲುಗಿನ ‘ಮುದ್ದ’ವೂ ಅದೇ. ಕಾಗದ ಮುದ್ದೆಯಾಯಿತು, ಬಟ್ಟೆ ಮುದ್ದೆಯಾಯಿತು ಎನ್ನುತ್ತೇವಲ್ಲ? ಒದ್ದೆ ಕೈಯಲ್ಲಿ ಉರುಳಿಸದೆ ತಟ್ಟೆಗೆ ಗುಡ್ಡೆ ಹಾಕಿದ್ದು ಮುದ್ದೆ ಆಗುವುದಿಲ್ಲ. ನಮ್ಮ ಸೀಮೆಯ ಮಾತಿನಲ್ಲಿ ‘ಹಿಟ್ಟು’ ಎಂಬ ಒಳ್ಳೆಯ ಪದವಿದೆ. ತೆಲುಗು ಮಾತಾಡುವ ಮನೆಗಳಲ್ಲಿ ‘ಸಂಗಟಿ’. ‘ಹಿಟ್ಟು’ ಎಂದು ಹಾಕಿಸಿ.

ಮಾಲೂರಿನಿಂದ:
ಬಟ್ಟೆ ಮುದ್ದೆಯಾದಾಗ ಗುಂಡಗಿರುತ್ತದೆಯೇ ಸ್ವಾಮಿ? ನಿಮ್ಮ ಉದಾಹರಣೆಯೇ ನಿಮಗೆ ಎದುರು ಸಾಕ್ಷಿ ಹೇಳುತ್ತಿದೆ. ‘ರಾಗಿ ಹಿಟ್ಟು, 120 ರೂಪಾಯಿ’ ಎಂದು ಬರೆದರೆ ಗಿರಾಕಿ ಒಂದು ಕಿಲೋ ಕಟ್ಟಿಕೊಡಿ ಎನ್ನುತ್ತಾನೆ.

ತಿಪಟೂರಿನಿಂದ:
ನಡುವೆ ಬಾಯಿ ಹಾಕುತ್ತಿದ್ದೇನೆ. ‘ರಾಗಿ’ ಎಂಬ ಹೆಸರು ‘ರಾಘವ’ನಿಂದ ಬಂದದ್ದು. ಕನಕದಾಸರ ರಾಮಧಾನ್ಯಚರಿತೆಯಲ್ಲಿ ನರೆದಲಗನಿಗೆ, ಎಂದರೆ ರಾಗಿಗೆ, ಶ್ರೀರಾಮನೇ ತನ್ನ ಹೆಸರು ಕೊಡುತ್ತಾನೆ. ಅಂತಹ ಧಾನ್ಯದ ಪಕ್ಕದಲ್ಲಿ ಢಿಂಡೋ, ಅಚಾರ್ ಎಂದೆಲ್ಲ ತುರುಕುವುದೇಕೆ? ‘ತರಕಾರಿ’ಯೇ ಹೊರಗಿನಿಂದ ಬಂದು ಕಾಯಿಪಲ್ಯೆಯನ್ನು ಮೂಲೆಗೆ ತಳ್ಳಿತು. ಎಲ್ಲಕ್ಕೂ ಅಚ್ಚಕನ್ನಡದ ಹೆಸರೇ ಇರಲಿ.

ಮಾಲೂರಿನಿಂದ:
ಅದು ಕಾವ್ಯದ ಸೊಗಸು, ಪದದ ಹುಟ್ಟಲ್ಲ. ಅಚ್ಚಕನ್ನಡ ಎಂದಿರಿ, ರಾಗಿಯ ಪೈರೇ ಮೂಲದಲ್ಲಿ ಪೂರ್ವ ಆಫ್ರಿಕದ್ದು. ಮುದ್ದೆಯ ಜೊತೆ ಸಾರಿಗೆ ಬೀಳುವ ಮೆಣಸಿನಕಾಯಿ ಅಮೆರಿಕದ್ದು. ಪೈರು ಉಳಿಸಿಕೊಂಡು ಪದವನ್ನಷ್ಟೇ ಗಡಿಪಾರು ಮಾಡುತ್ತೀರೋ?

ಚಿಂತಾಮಣಿಯಿಂದ:
ಪೈರಿನ ಊರು ಬೇರೆ, ಪದದ ಊರು ಬೇರೆ. ತಿಪಟೂರಿನವರ ರಾಘವನನ್ನು ನಾನೂ ಒಪ್ಪುವುದಿಲ್ಲ. ಆದರೆ ಕೇಳಿದ್ದು ಹೊರಗಿನ ತಿನಿಸಿಗೆ ಕನ್ನಡದ ಹೆಸರು. ಅದನ್ನು ಬಿಟ್ಟು ಆಫ್ರಿಕಕ್ಕೆ ಹೋದವರು ನೀವು.

ತುಮಕೂರಿನಿಂದ:
ಎಲ್ಲರಿಗೂ ಕೃತಜ್ಞತೆಗಳು. ಮಾಲೀಕರಿಗೆ ಎರಡನ್ನೂ ಓದಿ ಹೇಳಿದೆ. ‘ಹಿಟ್ಟು’ ಎಂದಾಗ ಅವರ ಕಣ್ಣು ಅಡುಗೆಮನೆಯ ಮೂಟೆಯ ಕಡೆ ಹೋಯಿತು, ಆದ್ದರಿಂದ ಅದನ್ನು ಬಿಟ್ಟೆ. ‘ರಾಗಿ ಢಿಂಡೋ’ ಎಂದು ದಪ್ಪಕ್ಷರದಲ್ಲಿ, ಕೆಳಗೆ ‘ನೇಪಾಳದ ಮುದ್ದೆ’ ಎಂದು ಸಣ್ಣಕ್ಷರದಲ್ಲಿ ಹಾಕಿಸಿದೆ. ಮಿಕ್ಕವು ಅನ್ನ, ಪಲ್ಯ. ಅಚಾರ್ ಹಾಗೆಯೇ ಉಳಿಯಿತು, ಏಕೆಂದರೆ ಅದು ನಮ್ಮ ಉಪ್ಪಿನಕಾಯಿಯಂತೆ ತಿಂಗಳುಗಟ್ಟಲೆ ಜಾಡಿಯಲ್ಲಿಟ್ಟದ್ದಲ್ಲ, ಅಂದಂದೇ ಕಲಸಿದ್ದು. ಪ್ರೆಸ್ಸಿನವರು ‘ಢ’ ಬದಲು ‘ಡ’ ಜೋಡಿಸಿಬಿಟ್ಟಿದ್ದಾರೆ. ದಯವಿಟ್ಟು ಅದರ ಮೇಲೆ ಹೊಸ ಚರ್ಚೆ ಬೇಡ.

ಚಿಂತಾಮಣಿಯಿಂದ:
‘ಡ’ವೇ ಸರಿ. ಕನ್ನಡಿಗರ ಬಾಯಲ್ಲಿ ಮಹಾಪ್ರಾಣ ಎಲ್ಲಿದೆ?