ತಾರಸಿ ಸೋರುತ್ತಿದೆ, ಮಳೆ ಬಿಡುತ್ತಿಲ್ಲ: ಅನುಭವ ಇದ್ದವರು ತಿಳಿಸಿ

ನಮ್ಮ ಕಾಂಕ್ರೀಟ್ ತಾರಸಿ ಈ ಮಳೆಗೆ ಸೋರತೊಡಗಿದೆ. ಮಲಗುವ ಕೋಣೆಯಲ್ಲಿ ಫ್ಯಾನಿನ ಕೊಂಡಿಯ ಸುತ್ತ ನೀರು ತೊಟ್ಟಿಕ್ಕುತ್ತದೆ. ‘ಒಂದು ದಿನ ಬಿಸಿಲು ಬಿದ್ದರೆ ಸಾಕು, ಮೇಲೆ ಅಕ್ರಿಲಿಕ್ ಲೇಪನ ಬಳಿದುಬಿಡೋಣ’ ಎನ್ನುತ್ತಿದ್ದಾರೆ ಕೆಲಸದವರು. ಹಿಂಬದಿಗೆ ತಗಡಿನ ಮಾಡು ಹಾಕಿಸುವುದೂ ಇದೆ. ಮಳೆಯ ನಡುವೆ ಇಂಥ ಕೆಲಸ ಮಾಡಿಸಿದವರು ದಯವಿಟ್ಟು ಹೇಳಿ.

ಮೊದಲ ಉತ್ತರ

ದಯವಿಟ್ಟು ಈಗಲೇ ಬಳಿಸಬೇಡಿ. ನಾವೂ ಹಾಗೆಯೇ ಒಂದು ಹಗಲಿನ ಬಿಸಿಲನ್ನು ನಂಬಿದ್ದೆವು. ತಾರಸಿ ಬೆಳ್ಳಗೆ ಒಣಗಿದಂತೆ ಕಂಡಿತು, ಎರಡು ಪದರ ಲೇಪನ ಹಚ್ಚಿಸಿದೆವು. ಮಳೆ ಬಿಟ್ಟು ಬಿಸಿಲೇರಿದ ಮೊದಲ ವಾರದಲ್ಲೇ ಅಂಗೈಯಗಲದ ಗುಳ್ಳೆಗಳೆದ್ದವು. ಒಂದನ್ನು ಉಗುರಿನಿಂದ ಸೀಳಿದರೆ ಒಳಗಿನಿಂದ ನೀರು ಒಸರಿತು. ಕಾಂಕ್ರೀಟಿನ ಒಳಗೆ ಉಳಿದಿದ್ದ ತೇವ ಬಿಸಿಲಿಗೆ ಆವಿಯಾಗಿ, ಹೊರಬರಲು ದಾರಿಯಿಲ್ಲದೆ ಲೇಪನವನ್ನೇ ಎತ್ತಿತ್ತು. ಅದನ್ನು ಕೆರೆದು ತೆಗೆಯಲು ಬಳಿದದ್ದಕ್ಕಿಂತ ಹೆಚ್ಚು ದಿನ ಹಿಡಿಯಿತು.

ಒಣಗಿದೆಯೇ ಎಂದು ತಿಳಿಯಲು ಕಣ್ಣು ಸಾಲದು. ಸುಮಾರು ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ತಾರಸಿಗೆ ಅಂಟಿಸಿ, ಕನಿಷ್ಠ 16 ಗಂಟೆ ಬಿಡಿ. ಹಾಳೆಯ ಅಡಿಯಲ್ಲಿ ಬೆವರಿನಂತೆ ಹನಿ ಕಟ್ಟಿದರೆ, ಇಲ್ಲವೇ ಅಡಿಯ ಕಾಂಕ್ರೀಟ್ ಕಪ್ಪಾದರೆ ಇನ್ನೂ ಕಾಯಬೇಕು. ಸಿಮೆಂಟ್ ಆಧಾರಿತ ಲೇಪನಗಳಲ್ಲಿ ಹಲವು ತುಸು ತೇವದ ಮೇಲೂ ಹಿಡಿಯುತ್ತವೆ, ಆದರೆ ನೀರು ನಿಂತ ಮೈಗೆ ಅವೂ ಹಿಡಿಯುವುದಿಲ್ಲ. ಹಚ್ಚಿದ ಕೆಲವು ಗಂಟೆಯಲ್ಲೇ ಜೋರು ಮಳೆ ಬಂದರೆ ತೊಳೆದುಹೋಗುತ್ತವೆ.

ಹಾಗೆಂದು ಸುಮ್ಮನೆ ಕೂರಬೇಕಿಲ್ಲ. ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ಮಳೆಯಷ್ಟು ಒಳ್ಳೆಯ ಹೊತ್ತು ಬೇರೆ ಸಿಗುವುದಿಲ್ಲ. ಮೊದಲು ಆ ಫ್ಯಾನಿನ ವಿದ್ಯುತ್ ಸಂಪರ್ಕವನ್ನು ಮುಖ್ಯ ಫಲಕದಲ್ಲೇ ತಪ್ಪಿಸಿ, ಅದೊಂದನ್ನು ನಾಳೆಗೆ ಇಡಬೇಡಿ. ಫ್ಯಾನಿನ ಬಳಿ ತೊಟ್ಟಿಕ್ಕಿದ ಮಾತ್ರಕ್ಕೆ ಬಿರುಕು ಅದರ ನೆತ್ತಿಯ ಮೇಲೇ ಇರಬೇಕೆಂದಿಲ್ಲ. ಕಾಂಕ್ರೀಟಿನೊಳಗೆ ತಂತಿ ಎಳೆಯಲು ಹೂತ ಕೊಳವೆ ಹಿಡಿದು ನೀರು ಬಹು ದೂರ ಹರಿದು ಬಂದೀತು. ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆ, ಕೊಳವೆಗಳು ತಾರಸಿಯನ್ನು ತೂರುವ ಜಾಗ, ನೀರು ಹೊರಹೋಗುವ ಕಿಂಡಿ, ಈ ಮೂರನ್ನು ಮೊದಲು ನೋಡಿ. ಕಿಂಡಿಗೆ ಎಲೆ ಕಟ್ಟಿಕೊಂಡು ತಾರಸಿ ಕೆರೆಯಾಗಿದ್ದರೆ, ಅದನ್ನು ಬಿಡಿಸಿದರೇ ಅರ್ಧ ಸೋರಿಕೆ ನಿಲ್ಲಬಹುದು. ಮಳೆ ನಿಂತ ಮೇಲೂ ಎಲ್ಲೆಲ್ಲಿ ನೀರು ನಿಂತಿದೆಯೋ ಅದರ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು ಫೋಟೊ ತೆಗೆದಿಡಿ. ತಾರಸಿಗೆ ಕನಿಷ್ಠ 100 ಅಡಿಗೆ 1 ಅಡಿ ಇಳಿಜಾರು ಇರಬೇಕು. ಅದಿಲ್ಲದಿದ್ದರೆ ಯಾವ ಲೇಪನವೂ ಹೆಚ್ಚು ಕಾಲ ಬಾಳುವುದಿಲ್ಲ.

ಎರಡನೆಯ ಉತ್ತರ

ಸದ್ಯಕ್ಕೆ ಟಾರ್ಪಾಲಿನ್ ಹೊದಿಸುವುದಾದರೆ ಬಿರುಕಿನ ಮೇಲಷ್ಟೇ ಹಾಸಬೇಡಿ. ಮೇಲಿನ ಅಂಚಿನ ಅಡಿಗೆ ನೀರು ನುಸುಳಿ ಒಳಗೇ ನಿಲ್ಲುತ್ತದೆ. ಎತ್ತರದ ಬದಿಯಲ್ಲಿ ಪ್ಯಾರಾಪೆಟ್ ದಾಟಿಸಿ ಹೊರಗೆ ಇಳಿಬಿಡಿ. ಇಳಿಜಾರು ಮಾಡಾದರೆ ನೆತ್ತಿಯನ್ನು ದಾಟಿಸಿ ಆಚೆ ಬದಿಗೆ ಎಳೆಯಬೇಕು. ಬಿಡಿ ಕಲ್ಲು ಹೇರುವುದು ನನಗೆ ಸರಿ ಕಾಣುವುದಿಲ್ಲ, ಗಾಳಿಗೆ ಟಾರ್ಪಾಲಿನ್ ಬಡಿದಾಗ ಕಲ್ಲು ಉರುಳುತ್ತದೆ. ಅಂಚನ್ನು ಮರದ ಪಟ್ಟಿಗೆ ಸುತ್ತಿ ಕಟ್ಟಿದರೆ ಹರಿಯುವುದಿಲ್ಲ.

ಮೂರನೆಯ ಉತ್ತರ

ನಾನು ತಗಡು ಹಾಕುವ ಕೆಲಸವನ್ನೇ ಮಾಡುತ್ತೇನೆ. ಅಂಟು, ಲೇಪನದ ತಾಪತ್ರಯ ಕಡಿಮೆಯಾದ್ದರಿಂದ ಮಳೆ ತುಸು ಬಿಟ್ಟ ಹೊಳವಿನಲ್ಲಿ ತಗಡಿನ ಕೆಲಸ ನಡೆಯುತ್ತದೆ. ಆದರೆ ಒದ್ದೆ ತಗಡಿನ ಮೇಲೆ ಕಾಲು ನಿಲ್ಲುವುದೇ ಇಲ್ಲ. ಗುಡುಗು ಕೇಳಿಸಿದೊಡನೆ ಕೆಳಗಿಳಿಯಬೇಕು, ಕೊನೆಯ ಗುಡುಗಾಗಿ 30 ನಿಮಿಷ ಕಳೆಯದೆ ಮತ್ತೆ ಹತ್ತಬಾರದು. ಕೆಲಸದವರನ್ನು ‘ಬೇಗ ಮುಗಿಸಿ’ ಎಂದು ಅವಸರಿಸಬೇಡಿ, ಇದು ನನ್ನ ಕಳಕಳಿಯ ಮಾತು. ಹಳೆಯ ಸಿಮೆಂಟ್ ಶೀಟ್ ಪಕ್ಕದಲ್ಲಿದ್ದರೆ ಅದರ ಮೇಲೆ ಯಾರೂ ನೇರವಾಗಿ ಕಾಲಿಡದಂತೆ ನೋಡಿಕೊಳ್ಳಿ. ಗಟ್ಟಿಯಾಗಿ ಕಂಡರೂ ಅದು ಒಮ್ಮೆಲೇ ಮುರಿಯುತ್ತದೆ.

ತಗಡನ್ನು ಸೂರಿನ ಕಡೆಯಿಂದ ಮೇಲಕ್ಕೆ ಹಾಕುತ್ತಾ ಹೋಗಬೇಕು, ಆಗ ಮೇಲಿನದು ಕೆಳಗಿನದರ ಮೇಲೆ ಕೂರುತ್ತದೆ. ಪಕ್ಕದ ಜೋಡಣೆಯ ಬಾಯಿ ಮಳೆಗಾಳಿ ಬೀಸುವ ದಿಕ್ಕಿಗೆ ತೆರೆದಿರಬಾರದು. ಅಲೆಅಲೆಯ ತಗಡಿಗೆ ಸ್ಕ್ರೂ ಹಾಕುವುದು ಉಬ್ಬಿನ ಮೇಲೆ, ನೀರು ಹರಿಯುವ ತಗ್ಗಿನಲ್ಲಲ್ಲ. ರಬ್ಬರ್ ವಾಷರ್ ತಗಡಿಗೆ ಒತ್ತಿ ಕೂತರೆ ಸಾಕು. ಅದು ಹಿಸುಕಿ ಅಂಚಿನಿಂದ ಹೊರಚಾಚುವಷ್ಟು ಬಿಗಿದರೆ ಕೆಲವೇ ಕಾಲದಲ್ಲಿ ಸೀಳಿ, ಅಲ್ಲಿಂದಲೇ ಸೋರುತ್ತದೆ. ಕೊರೆದಾಗ ಉದುರಿದ ಕಬ್ಬಿಣದ ಪುಡಿಯನ್ನು ಅಂದೇ ಗುಡಿಸಿ. ಒಂದು ಮಳೆ ಬಿದ್ದರೆ ಸಾಕು, ಹೊಸ ತಗಡಿನ ಮೇಲೆ ತುಕ್ಕಿನ ಚುಕ್ಕೆ ಮೂಡುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಫ್ಯಾನಿನ ಸಂಪರ್ಕ ತಪ್ಪಿಸಿದ್ದೇವೆ. ಇಂದು ಮಳೆ ತುಸು ನಿಂತಾಗ ಮೇಲೆ ಹೋಗಿ ನೋಡಿದೆ. ನೀರಿನ ತೊಟ್ಟಿಯಿಂದ ಇಳಿಯುವ ಕೊಳವೆಯ ಬುಡದಲ್ಲಿ ಗಾರೆ ಬಿಟ್ಟಿದೆ, ಬೆರಳ ತುದಿ ಒಳಹೋಗುತ್ತದೆ. ಅದು ಫ್ಯಾನಿನಿಂದ ಹತ್ತು ಅಡಿಯಾದರೂ ದೂರವಿದೆ. ಲೇಪನ ಈಗ ಬೇಡವೆಂದು ಕೆಲಸದವರಿಗೆ ಹೇಳಿದೆ. ಟಾರ್ಪಾಲಿನ್ ಹೊದಿಸಿ, ಪ್ಲಾಸ್ಟಿಕ್ ಹಾಳೆ ಅಂಟಿಸಲು ಬಿಸಿಲಿಗಾಗಿ ಕಾಯುತ್ತಿದ್ದೇವೆ.