ನಾಣ್ಯದ ಫೋಟೊದಲ್ಲಿ ಹೊಳಪು ಬರುತ್ತಿಲ್ಲ, ಅನುಭವವುಳ್ಳವರು ತಿಳಿಸಿ

ಹೊಸಸಂಗ್ರಾಹಕ:
ನನ್ನ ಬೆಳ್ಳಿ ಮತ್ತು ತಾಮ್ರದ ನಾಣ್ಯಗಳನ್ನು ಕೋಣೆಯ ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಮೊಬೈಲಿನಲ್ಲಿ ತೆಗೆಯುತ್ತಿದ್ದೇನೆ. ಕೈಯಲ್ಲಿ ಹಿಡಿದು ಓರೆ ಮಾಡಿದರೆ ಮಿರುಗುವ ಬೆಳ್ಳಿ ಫೋಟೊದಲ್ಲಿ ಬೂದು ಬಿಲ್ಲೆಯಂತೆ ಕಾಣುತ್ತದೆ. ತಾಮ್ರವಂತೂ ಕಿತ್ತಳೆಗೆ ತಿರುಗುತ್ತದೆ. ಹೆಚ್ಚಿನವು ಪ್ಲಾಸ್ಟಿಕ್ ಸ್ಲ್ಯಾಬಿನಲ್ಲಿ, ಅಂದರೆ ನಾಣ್ಯವನ್ನು ಒಳಗಿಟ್ಟು ಭದ್ರವಾಗಿ ಮುಚ್ಚಿದ ಪಾರದರ್ಶಕ ಡಬ್ಬಿಯಲ್ಲಿವೆ. ಮ್ಯಾಕ್ರೋ ಲೆನ್ಸ್ (ತೀರ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್) ಕೊಳ್ಳದೆ ಸುಧಾರಿಸಲು ಸಾಧ್ಯವೇ?

ಬೆಳ್ಳಿಗೆರೆ:
ಮ್ಯಾಕ್ರೋ ಲೆನ್ಸ್ ಇಲ್ಲದೆ ಆಗದು ಎಂಬುದು ನನ್ನ ಖಚಿತ ಅಭಿಪ್ರಾಯ. ನಾನು ಕೊಂಡದ್ದು 100 ಮಿಮೀ ಲೆನ್ಸ್, ಅದೂ ಒಬ್ಬರು ಬಳಸಿ ಬಿಟ್ಟದ್ದು. ಆದರೂ ಅದಕ್ಕೆ ತೆತ್ತ ಹಣದಲ್ಲಿ ನನ್ನ ಪೆಟ್ಟಿಗೆಯ ಅರ್ಧದಷ್ಟು ನಾಣ್ಯಗಳನ್ನು ಮತ್ತೊಮ್ಮೆ ಕೊಳ್ಳಬಹುದಿತ್ತು. ಖರ್ಚು ಅಲ್ಲಿಗೆ ನಿಲ್ಲಲಿಲ್ಲ. ಟ್ರೈಪಾಡ್ ಕೆಳಮುಖವಾಗಿ ನಿಲ್ಲಲಾರದೆ, ಕ್ಯಾಮೆರಾವನ್ನು ನೇರ ಕೆಳಮುಖವಾಗಿ ಹಿಡಿಯುವ ಕಾಪಿ ಸ್ಟ್ಯಾಂಡ್ ಬೇಕಾಯಿತು. ಅಗ್ಗದ ಸ್ಟ್ಯಾಂಡಿನ ಕಂಬ ಕ್ಯಾಮೆರಾದ ಭಾರಕ್ಕೆ ಓಲಾಡಿದ್ದರಿಂದ ದಪ್ಪ ಕಂಬದ ಇನ್ನೊಂದು ಬಂತು. ಗುಂಡಿ ಒತ್ತುವಾಗಿನ ಅಲುಗಾಟ ತಪ್ಪಿಸಲು ರಿಮೋಟ್ ಬಂತು. ಎಲೆಕ್ಟ್ರಾನಿಕ್ ಶಟರಿನಲ್ಲಿ ತೆಗೆದಾಗ ಹಳೆಯ ಎಲ್‌ಇಡಿ ದೀಪಗಳ ಮಿನುಗು ಚಿತ್ರದ ಮೇಲೆ ಅಡ್ಡಪಟ್ಟೆಗಳಾಗಿ ಮೂಡಿದ್ದರಿಂದ ಅವನ್ನೂ ಬದಲಾಯಿಸಬೇಕಾಯಿತು. ಇಷ್ಟಾದ ಮೇಲೂ, ನಾಣ್ಯವಿಡುವ ಜಾಗದಲ್ಲಿ ಚಿಕ್ಕ ಕನ್ನಡಿಯನ್ನಿಟ್ಟು, ಲೆನ್ಸಿನ ಪ್ರತಿಬಿಂಬ ಚೌಕಟ್ಟಿನ ನಟ್ಟನಡುವೆ ಬರುವವರೆಗೆ ಕ್ಯಾಮೆರಾವನ್ನು ಸರಿಹೊಂದಿಸದ ಹೊರತು ನಾಣ್ಯದ ಒಂದು ಅಂಚು ಮಸುಕಾಗಿಯೇ ಉಳಿಯುತ್ತದೆ. ಈಗ ನನ್ನ ಚಿತ್ರಗಳಲ್ಲಿ ಟಂಕಿಸುವ ಅಚ್ಚಿನ ಬಿರುಕುಗಳಿಂದ ನಾಣ್ಯದ ಮೇಲೆ ಮೂಡಿದ ಗೆರೆಗಳನ್ನೂ ಎಣಿಸಬಹುದು. ಮೊಬೈಲಿನವರು ಇದನ್ನು ಮಾಡಿ ತೋರಿಸಲಿ.

ಮೊಬೈಲೇಸಾಕು:
ಕೇಳಿದವರು ಲೆನ್ಸ್ ಕೊಳ್ಳದೆ ಎಂದು ಸ್ಪಷ್ಟವಾಗಿ ಬರೆದಿರುವಾಗ ಖರ್ಚಿನ ಪುರಾಣವನ್ನು ಯಾರಿಗಾಗಿ ಬಿಚ್ಚಿದಿರಿ? ಇಡೀ ನಾಣ್ಯ ಚಿತ್ರದಲ್ಲಿ ಕೂರಲು 1:1 ವರ್ಧನೆಯೇ (ಕ್ಯಾಮೆರಾದೊಳಗಿನ ಸೆನ್ಸರಿನ ಮೇಲೆ ನಾಣ್ಯ ತನ್ನ ನಿಜ ಅಳತೆಯಲ್ಲೇ ಮೂಡುವುದು) ಬೇಕಿಲ್ಲ. 30 ಮಿಮೀ ಅಗಲದ ನಾಣ್ಯ 24 ಮಿಮೀ ಎತ್ತರದ ಫುಲ್‌ಫ್ರೇಮ್ ಸೆನ್ಸರಿನಲ್ಲಿ 1:1ಕ್ಕೆ ಹಿಡಿಸುವುದೂ ಇಲ್ಲ. ನಾನು ಪುಸ್ತಕಗಳ ಎರಡು ಅಟ್ಟಿಗಳ ಮೇಲೆ ಮೊಬೈಲನ್ನು ಮಲಗಿಸಿ ತೆಗೆಯುತ್ತೇನೆ. ಮ್ಯಾಕ್ರೋ ಮೋಡ್ ತಾನಾಗಿಯೇ ಅಗಲಕೋನದ ಲೆನ್ಸಿಗೆ ಹಾರಿ, ಮೊಬೈಲನ್ನು ನಾಣ್ಯದ ತಲೆಯ ಮೇಲೇ ತಂದು ಕೂರಿಸುತ್ತಿತ್ತು. ಆಗ ಬೆಳಕು ಒಳಗೆ ಬರಲು ಸಂದಿಯೇ ಇರುತ್ತಿರಲಿಲ್ಲ. ಅದನ್ನು ಆರಿಸಿ, 2x ಲೆನ್ಸಿನಲ್ಲಿ ಮೇಲಕ್ಕೆ ಸರಿದು, 2 ಸೆಕೆಂಡಿನ ಟೈಮರ್ ಇಟ್ಟರೆ ಕೆಲಸ ಮುಗಿಯಿತು. ಟಂಕಿಸುವಾಗ ಲೋಹ ನಡುವಿನಿಂದ ಅಂಚಿನತ್ತ ಹರಿದು ಉಳಿಸುವ ಅತಿ ಸೂಕ್ಷ್ಮ ಗೆರೆಗಳಿಂದಲೇ ಆ ಮಿರುಗು ಹುಟ್ಟುತ್ತದೆ. ಅದಕ್ಕೆ ಬೇಕಾದದ್ದು ಚಿಕ್ಕ, ನೇರವಾದ ದೀಪಗಳು: ಗಡಿಯಾರದ 10 ಮತ್ತು 2ರ ಸ್ಥಾನಗಳಲ್ಲಿ, ಸಾಧ್ಯವಾದಷ್ಟು ಎತ್ತರದಲ್ಲಿ. ಎಲ್ಲ ಕಡೆಯಿಂದಲೂ ಬೆಳಕನ್ನು ಹರಡುವ ಬೆಳಕಿನ ಡಬ್ಬಿಯೊಳಗೆ ನಾಣ್ಯವಿಟ್ಟವರ ಚಿತ್ರದಲ್ಲಿ ಜೀವವಿರುವುದಿಲ್ಲ.

ಗಾಜಿನಮೇಲೆ:
ಎಲ್ಲ ನಾಣ್ಯಗಳೂ ಮಿರುಗುವ ಬೆಳ್ಳಿಯಲ್ಲ ಎಂಬುದನ್ನು ಮೇಲಿನ ಇಬ್ಬರೂ ಮರೆತಿದ್ದಾರೆ. ನನ್ನವು ಸಂಗ್ರಾಹಕರಿಗೆಂದೇ ವಿಶೇಷವಾಗಿ ಟಂಕಿಸಿದ, ಕನ್ನಡಿಮೈಯ ಪ್ರೂಫ್ ನಾಣ್ಯಗಳು. 10 ಮತ್ತು 2ರ ದೀಪಗಳಲ್ಲಿ ಅವುಗಳ ಮೈ ಕಪ್ಪಾಗಿ ಬಿಡುತ್ತದೆ. ಫೋಟೊ ಫ್ರೇಮಿನ ಗಾಜನ್ನು ಲೆನ್ಸ್ ಮತ್ತು ನಾಣ್ಯದ ನಡುವೆ 45 ಡಿಗ್ರಿ ಓರೆಯಾಗಿ ನಿಲ್ಲಿಸಿ, ದೀಪವನ್ನು ಪಕ್ಕದಿಂದ ಗಾಜಿಗೆ ಹಾಯಿಸುತ್ತೇನೆ. ಬೆಳಕು ನೇರವಾಗಿ ಕೆಳಗಿಳಿದು ಅದೇ ದಾರಿಯಲ್ಲಿ ಮರಳುವುದರಿಂದ ಸಮತಟ್ಟಾದ ಮೈ ಬೆಳ್ಳಗೂ ಉಬ್ಬಿನ ಇಳಿಜಾರು ಗಾಢವಾಗಿಯೂ ಕಾಣುತ್ತದೆ. ಆದರೆ ಹತ್ತರಲ್ಲಿ ಸುಮಾರು ಒಂದು ಪಾಲು ಬೆಳಕು ಮಾತ್ರ ನಾಣ್ಯದತ್ತ ತಿರುಗುವುದರಿಂದ ಶಟರ್ ಬಹಳ ಹೊತ್ತು ತೆರೆದಿರಬೇಕು, ಮನೆಯಲ್ಲಿ ಯಾರೂ ನಡೆದಾಡುವಂತಿಲ್ಲ. ಗಾಜಿನ ಮೇಲಿನ ದೂಳಿನ ಕಣ ಒಂದೊಂದೂ ಬೆಳಗುತ್ತದೆ. ಅದನ್ನು ಒರೆಸುವಾಗಲೇ ಒಂದು ಗಾಜು ಕೈಯಲ್ಲಿ ಸೀಳಿತು.

ತಾಮ್ರಪ್ರಿಯ:
ನೀವೆಲ್ಲರೂ ಚಂದದ ಚಿತ್ರದ ಮಾತಾಡುತ್ತಿದ್ದೀರಿ, ಆ ಚಂದಕ್ಕೆ ಬೆಲೆ ತೆತ್ತವನು ನಾನು. ಚಿತ್ರದಲ್ಲಿ ನೇರಳೆ ಮತ್ತು ಕೆಂಪು ಛಾಯೆ ತುಂಬಿಕೊಂಡಿದ್ದ ತಾಮ್ರದ ನಾಣ್ಯವೊಂದನ್ನು ಮಾರಾಟಗಾರರೊಬ್ಬರಿಂದ ತರಿಸಿದೆ. ಕೈಗೆ ಬಂದದ್ದು ಬರಿಯ ಕಂದು. ಮರಳಿಸಲು ಹೋದರೆ ಸಾಗಣೆಯ ವೆಚ್ಚ, ವಿಮೆಯ ವೆಚ್ಚ, ಕೊನೆಗೆ ಪ್ಯಾಕಿಂಗಿನ ವೆಚ್ಚವೂ ನನ್ನ ತಲೆಗೇ ಬಂತು. ಅಂದಿನಿಂದ ಬೂದು ಕಾರ್ಡನ್ನು ನಾಣ್ಯದ ಜಾಗದಲ್ಲಿಟ್ಟು ವೈಟ್ ಬ್ಯಾಲೆನ್ಸ್ (ದೀಪದ ಬಣ್ಣ ಚಿತ್ರಕ್ಕೆ ಅಂಟದಂತೆ ಮಾಡುವ ತಿದ್ದುಪಡಿ) ಹೊಂದಿಸದ ಚಿತ್ರವನ್ನು ನಾನು ನಂಬುವುದಿಲ್ಲ. ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ) 95ಕ್ಕಿಂತ ಹೆಚ್ಚಿರುವ ಒಂದೇ ಬಗೆಯ ದೀಪಗಳು ಮಾತ್ರ ಉರಿಯುತ್ತಿರಬೇಕು, ಕೋಣೆಯ ಟ್ಯೂಬ್‌ಲೈಟ್ ಆರಿರಬೇಕು. ತಾಮ್ರಕ್ಕೆ ಹಿಸ್ಟೋಗ್ರಾಮಿನಲ್ಲಿ (ಚಿತ್ರದ ಬೆಳಕಿನ ಹಂಚಿಕೆಯ ನಕ್ಷೆ) ಕೆಂಪನ್ನು ಪ್ರತ್ಯೇಕವಾಗಿ ನೋಡಿರಿ; ಒಟ್ಟು ಬೆಳಕು ಸರಿಯಿದ್ದರೂ ಕೆಂಪು ತುಂಬಿ ಹರಿದಿದ್ದರೆ ವಿವರ ಅಳಿಸಿಹೋಗಿ ಕಿತ್ತಳೆ ಉಳಿಯುತ್ತದೆ. ಮೊಬೈಲುಗಳು ತಾವಾಗಿಯೇ ಬಣ್ಣವನ್ನು ಹಿಗ್ಗಿಸುವುದರಿಂದ ಅವುಗಳಲ್ಲಿ ತೆಗೆದು ಮಾರುವವರನ್ನು ದೂರವಿಡುತ್ತೇನೆ.

ಮೊಬೈಲೇಸಾಕು:
ನಿಮಗೆ ಮೋಸ ಮಾಡಿದ್ದು ಮನುಷ್ಯನೇ ಹೊರತು ಮೊಬೈಲಲ್ಲ. ಬಣ್ಣವನ್ನು ತಿದ್ದದೆ ಉಳಿಸುವ ರಾ ಫೈಲಿನಲ್ಲಿ ತೆಗೆಯುವ ಸೌಲಭ್ಯ ಹಲವು ಮೊಬೈಲುಗಳಲ್ಲಿದೆ. ಬಣ್ಣದ ಗುಂಡಿ ತಿರುಗಿಸುವವರು ದೊಡ್ಡ ಕ್ಯಾಮೆರಾದವರಲ್ಲೇ ಹೆಚ್ಚು. ಬೇಕಿದ್ದರೆ ಬೆಳ್ಳಿಗೆರೆಯವರನ್ನೇ ಕೇಳಿ.

ಬೆಳ್ಳಿಗೆರೆ:
ನಾನು ಚಿತ್ರದ ಗೆರೆಗಳನ್ನು ಚುರುಕುಗೊಳಿಸುವುದನ್ನು ಬಿಟ್ಟು ಬೇರೇನನ್ನೂ ಮಾಡುವುದಿಲ್ಲ. ಹೆಸರು ಹಿಡಿದು ಆರೋಪ ಹೊರಿಸುವ ಮುನ್ನ ನಿಮ್ಮ ಚಿತ್ರಗಳ ಮೂಲ ಫೈಲುಗಳನ್ನು ಹಾಕಿರಿ, ನನ್ನವನ್ನೂ ಹಾಕುತ್ತೇನೆ.

ಹೊಸಸಂಗ್ರಾಹಕ:
ಎಲ್ಲರಿಗೂ ವಂದನೆಗಳು. ಸ್ಲ್ಯಾಬಿನ ಬಗ್ಗೆ ಯಾರೂ ಹೇಳಲಿಲ್ಲ. ಪ್ಲಾಸ್ಟಿಕ್ ಮೇಲೆ ಮೊಬೈಲಿನ ನೆರಳೂ ದೀಪದ ಚುಕ್ಕೆಗಳೂ ಕಾಣುತ್ತವೆ.

ಗಾಜಿನಮೇಲೆ:
ಕಪ್ಪು ರಟ್ಟಿನಲ್ಲಿ ಲೆನ್ಸಿನಷ್ಟೇ ತೂತು ಕೊರೆದು ಮೊಬೈಲಿಗೆ ತೊಡಿಸಿದರೆ ಅದರ ಪ್ರತಿಬಿಂಬ ಅಡಗುತ್ತದೆ. ದೀಪದ ಚುಕ್ಕೆ ಹೋಗದಿದ್ದರೆ ಸ್ಲ್ಯಾಬಿನ ಒಂದು ಬದಿಗೆ ರಬ್ಬರಿನ ತುಣುಕನ್ನು ಕೊಟ್ಟು ತುಸು ಎತ್ತಿರಿ.

ಬೆಳ್ಳಿಗೆರೆ:
ಎತ್ತಿದ ಕೂಡಲೇ ಒಂದು ಅಂಚು ಫೋಕಸ್ ತಪ್ಪುತ್ತದೆ, ಅದನ್ನೇ ನಾನು ಕನ್ನಡಿ ಇಟ್ಟು ಸರಿಪಡಿಸಿದ್ದು. ಎತ್ತಬೇಡಿ, ದೀಪವನ್ನು ಸರಿಸಿರಿ.

ಗಾಜಿನಮೇಲೆ:
ಚಿಕ್ಕ ಸೆನ್ಸರಿನ ಮೊಬೈಲಿನಲ್ಲಿ ಹೆಚ್ಚು ಆಳದವರೆಗೆ ಫೋಕಸ್ ಉಳಿಯುವುದರಿಂದ ಅಷ್ಟು ಓರೆ ಲೆಕ್ಕಕ್ಕೇ ಬಾರದು. ನಿಮ್ಮ 100 ಮಿಮೀ ಲೆನ್ಸಿನ ಕಷ್ಟವನ್ನು ಅವರ ಮೇಲೇಕೆ ಹೇರುತ್ತೀರಿ?