ಮುಂಬಯಿಯ ಫೋರ್ಟ್‌ನೊಳಗೆ ಸಣ್ಣ ಎಲೆಕ್ಟ್ರಿಕ್ ಬಸ್ ಸುತ್ತಿದರೆ ಯಾರು ಹತ್ತುತ್ತಾರೆ?

ಡೊಂಬಿವಲಿ ಫಾಸ್ಟ್:
ನನ್ನ ಆಫೀಸ್ ಹಾರ್ನಿಮನ್ ಸರ್ಕಲ್ ಪಕ್ಕ. ಸಿಎಸ್‌ಎಂಟಿ ರೈಲು ನಿಲ್ದಾಣದಲ್ಲಿ ಇಳಿದು ನಡೆದೇ ಹೋಗುವವಳು. ಮಧ್ಯಾಹ್ನ ಡಬ್ಬಾ ಬಿಚ್ಚಿದಾಗಲೆಲ್ಲ ನಮ್ಮಲ್ಲಿ ಒಂದೇ ವಾದ: ಸಿಎಸ್‌ಎಂಟಿ, ಹುತಾತ್ಮ ಚೌಕ್, ಕಾಲಾ ಘೋಡಾ, ರೀಗಲ್, ಅಲ್ಲಿಂದ ಶಹೀದ್ ಭಗತ್ ಸಿಂಗ್ ರಸ್ತೆ ಹಿಡಿದು ಜಿಪಿಒ, ಹೀಗೆ ಸುತ್ತು ಹಾಕುವ ಸಣ್ಣ ಎಲೆಕ್ಟ್ರಿಕ್ ಬಸ್ ಬಿಟ್ಟರೆ ಹೇಗೆ? 2023ರಲ್ಲಿ ಸಿಟಿ ಬಸ್ ಓಡಿಸುವ ಬೆಸ್ಟ್‌ನ ಎಸಿ ಎಲೆಕ್ಟ್ರಿಕ್ ಡಬಲ್ ಡೆಕರ್ ಎ-115 ಬಂತು, ಆದರೆ ಅದು ನಾರಿಮನ್ ಪಾಯಿಂಟಿನ ಎನ್‌ಸಿಪಿಎ ಕಲಾಕೇಂದ್ರದ ಕಡೆಯದು. ಒಳಗಿನ ಬೀದಿಗಳಿಗೆ ಚಿಕ್ಕದೇ ಬೇಕಲ್ಲವೇ? ಒಂದು ಕಿಲೋಮೀಟರಿಗೆ ಯಾರು ಬಸ್ ಹತ್ತುತ್ತಾರೆ ಅಂತ ನಮ್ಮ ಕ್ಯಾಷಿಯರ್ ನಗುತ್ತಾರೆ.

ಮಾಟುಂಗ ಪೂರ್ವ:
2025ರ ಅಕ್ಟೋಬರ್‌ನಲ್ಲಿ ಮೆಟ್ರೋ 3 ಕಫ್ ಪರೇಡ್‌ವರೆಗೆ ಬಂತಲ್ಲ. ಸಿಎಸ್‌ಎಂಟಿಯಲ್ಲೂ ಸ್ಟೇಷನ್, ಹುತಾತ್ಮ ಚೌಕ್‌ನಲ್ಲೂ ಸ್ಟೇಷನ್. ಇನ್ನು ಬಸ್ ಯಾಕೆ? ಕಾಲು ಇರುವವರು ನಡೆಯಲಿ.

ನಿವೃತ್ತ ಸ್ಟಾರ್ಟರ್:
ಮಾಟುಂಗದವರೇ, ಒಂದು ಕಿಲೋಮೀಟರಿಗೋಸ್ಕರ ನೆಲದೊಳಗೆ ಇಳಿದು, ಬ್ಯಾಗ್ ತಪಾಸಣೆ ಮಾಡಿಸಿಕೊಂಡು, ಮತ್ತೆ ಮೇಲೆ ಹತ್ತಿ ಬರುವುದು ಯಾವ ಲೆಕ್ಕ ಮಾರಾಯ್ರೆ? ಮೆಟ್ರೋ ದೂರಕ್ಕೆ.

ಬಸ್ ಸ್ಟ್ಯಾಂಡಿನ ಸ್ಟಾರ್ಟರ್ ಕ್ಯಾಬಿನ್‌ನಲ್ಲಿ ಕೂತು ಗಾಡಿ ಬಿಟ್ಟವ ನಾನು, ಹಾಗಾಗಿ ಬ್ಯಾಟರಿ ಮಾತಿಗಿಂತ ಮೊದಲು ಟೈಮಿನ ಮಾತು. ತಂಗಿ ಹೇಳಿದ ಸುತ್ತು ನಾಲ್ಕೂವರೆ ಕಿಲೋಮೀಟರ್ ಆಸುಪಾಸು. ಫೋರ್ಟಿನ ಟ್ರಾಫಿಕ್‌ನಲ್ಲಿ ಗಂಟೆಗೆ ಒಂಬತ್ತು ಕಿಲೋಮೀಟರ್ ಹಿಡಿದರೆ ಒಂದು ಸುತ್ತಿಗೆ ಅರ್ಧ ಗಂಟೆ. ಆರು ಬಸ್ ಇದ್ದರೆ ಐದು ನಿಮಿಷಕ್ಕೊಂದು. ಮೂರೇ ಕೊಟ್ಟರೆ ಹತ್ತು ನಿಮಿಷಕ್ಕೊಂದು, ಅಷ್ಟರಲ್ಲಿ ನೀವು ನಡೆದು ಹಾರ್ನಿಮನ್ ಸರ್ಕಲ್ ಹತ್ತಿರ ಇರುತ್ತೀರಿ. ಮೂರು ಬಸ್ಸಿನ ಶಟಲ್ ಅಂದರೆ ಉದ್ಘಾಟನೆಯ ಫೋಟೋಕ್ಕೆ ಮಾತ್ರ.

ಎರಡನೆಯದು ದುಡ್ಡು. 2019ರಲ್ಲಿ ಎಸಿ ಬಸ್ಸಿನ ಕನಿಷ್ಠ ಟಿಕೆಟ್ ಆರು ರೂಪಾಯಿ ಇತ್ತು. 2025ರ ಮೇಯಿಂದ ಹನ್ನೆರಡು. ಕಪ್ಪು-ಹಳದಿ ಟ್ಯಾಕ್ಸಿಗೆ ಮೊದಲ ಒಂದೂವರೆ ಕಿಲೋಮೀಟರಿಗೆ 31. ನಾಲ್ಕು ಜನ ಸೇರಿದರೆ ಟ್ಯಾಕ್ಸಿಗೆ ತಲೆಗೆ ಎಂಟು ರೂಪಾಯಿಯೂ ಆಗುವುದಿಲ್ಲ, ಬಸ್ಸಿಗೆ ಒಟ್ಟು 48. ಹನ್ನೆರಡು ರೂಪಾಯಿಗೆ ಐದು ಕಿಲೋಮೀಟರ್ ಹೋಗಬಹುದು ನಿಜ, ಆದರೆ ಒಂದೇ ಕಿಲೋಮೀಟರ್ ಬೇಕಾದವನಿಗೆ ಅದರಿಂದ ಎಂತ ಲಾಭ? ಈ ಸುತ್ತಿಗೆ ಬೇರೆ ದರ ಇಡದೆ ಬಸ್ ಬಿಡಬಾರದು.

ಮೂರನೆಯದನ್ನು ಯಾರೂ ಹೇಳುವುದಿಲ್ಲ. ಬೆಳಿಗ್ಗೆ ಒಂದು ಲೋಕಲ್ ಸಾವಿರಗಟ್ಟಲೆ ಜನರನ್ನು ಇಳಿಸುತ್ತದೆ, ಮೂವತ್ತು ಚಿಲ್ಲರೆ ಸೀಟಿನ ಗಾಡಿ ಅವರಿಗೆ ಎಲ್ಲಿ ಸಾಕು? ಹೋಗುವಾಗ ಬಾಗಿಲಲ್ಲಿ ನೇತಾಡುತ್ತಾರೆ, ಬರುವಾಗ ಖಾಲಿ. ಹಾಗಾಗಿ ಈ ಬಸ್ ಆಫೀಸಿನವರಿಗಲ್ಲ. ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಫೋರ್ಟಿಗೆ ಬರುವವರೇ ಬೇರೆ: ಸೇಂಟ್ ಜಾರ್ಜ್ ಆಸ್ಪತ್ರೆಗೆ ಬಂದವರು, ಹೈಕೋರ್ಟಿನ ತಾರೀಖಿಗೆ ಫೈಲು ಹಿಡಿದು ಬಂದವರು, ಬ್ಯಾಂಕಿನ ಪಿಂಚಣಿದಾರರು. ಅವರು ಎರಡೂ ದಿಕ್ಕಿಗೆ ಓಡಾಡುತ್ತಾರೆ, ನಡೆಯಲಾರರು, ಟ್ಯಾಕ್ಸಿಗೆ ಜೊತೆಯೂ ಇರುವುದಿಲ್ಲ. ಬಸ್ ಆಸ್ಪತ್ರೆಯ ಗೇಟಿಗೇ ಹೋಗಬೇಕು.

ಚಾರ್ಜಿನ ಚಿಂತೆ ಬೇಡ. ದಿನಕ್ಕೆ ಹನ್ನೊಂದು ಗಂಟೆ ಓಡಿದರೂ ನೂರು ಕಿಲೋಮೀಟರ್ ಆಸುಪಾಸು. ರಾತ್ರಿ ಚಾರ್ಜ್ ಮಾಡಲು ಬ್ಯಾಕ್‌ಬೇ ಡಿಪೋ ಹತ್ತಿರವೇ ಉಂಟು. ನಿಂತು ನಿಂತು ಹೋಗುವ ರಸ್ತೆಗೆ ಎಲೆಕ್ಟ್ರಿಕ್‌ನಂಥ ಗಾಡಿ ಇನ್ನೊಂದಿಲ್ಲ. ಸಿಗ್ನಲ್‌ನಲ್ಲಿ ಡೀಸೆಲ್ ಸುಮ್ಮನೆ ಉರಿಯುತ್ತದೆ, ಇದರಲ್ಲಿ ಎಸಿಯದ್ದಷ್ಟೇ ಖರ್ಚು.

ವಿಜಯಪುರದ ಸ್ಟೀರಿಂಗ್:
ನಾ ಎಲೆಕ್ಟ್ರಿಕ್ ಗಾಡಿ ಓಡಸ್ತೀನ್ರಿ, ಗುತ್ತಿಗೆ ಕಂಪನಿ ಮ್ಯಾಲೆ. ಸ್ಟಾರ್ಟರ್ ಸಾಹೇಬ್ರು ಅಂದದ್ದೆಲ್ಲಾ ಖರೆ, ಆದ್ರ ಡ್ರೈವರನ ಬಿಟ್ಟಾರ. ಇದಕ್ಕ ಕ್ಲಚ್ ಇಲ್ಲ, ಗೇರ್ ಇಲ್ಲ. ಪೆಡಲ್ ಒತ್ತಿದ ಕೂಡ್ಲೆ ಪೂರಾ ಜೋರು ಬರತೈತಿ. ಪೆಡಲ್ ಬಿಟ್ರ ಗಾಡಿ ತಾನಾಗೇ ತಡೀತೈತಿ, ಆ ಶಕ್ತಿ ತಿರುಗಿ ಬ್ಯಾಟರಿಗೆ ಹೋಗತೈತಿ. ಡೀಸೆಲ್‌ನ್ಯಾಗ ಇಪ್ಪತ್ತು ವರ್ಷ ಕಳದವನ ಕಾಲಿಗೆ ಇದು ಲಗೂನ ಹೊಂದೂದಿಲ್ರಿ. 2024ರ ಡಿಸೆಂಬರ್‌ನ್ಯಾಗ ಕುರ್ಲಾದ 332ನೇ ನಂಬರ್ ಎಲೆಕ್ಟ್ರಿಕ್ ಬಸ್ಸಿನ ಅಪಘಾತ ಆದ ಮ್ಯಾಲೆ ಎಲ್ಲಾರೂ ತರಬೇತಿ ಮಾತು ಎತ್ತಿದ್ರು. ಫೋರ್ಟ್‌ನ್ಯಾಗ ಜನ ಫುಟ್‌ಪಾತ್ ಬಿಟ್ಟು ರಸ್ತೆದಾಗ ನಡೀತಾರ, ಯಾಕಂದ್ರ ಫುಟ್‌ಪಾತ್ ಮ್ಯಾಲೆ ಅಂಗಡಿ. ಸಪ್ಪಳ ಇಲ್ಲದ ಗಾಡಿ ಬೆನ್ನಿಂದ ಬಂದ್ರ ಅವ್ರಿಗೆ ತಿಳಿಯೂದಿಲ್ಲ. ಹಾರ್ನ್ ಹೊಡದ್ರ ಬೈತಾರ.

ಡೊಂಬಿವಲಿ ಫಾಸ್ಟ್:
ಮಧ್ಯಾಹ್ನದ ಜನರ ವಿಷಯ ನಮ್ಮ ವಾದದಲ್ಲಿ ಬಂದೇ ಇರಲಿಲ್ಲ. ಸ್ಟಾರ್ಟರ್ ಸರ್, ಹಾಗಾದರೆ ಆ ಆರು ಬಸ್ ಬೆಳಿಗ್ಗೆ ಸಂಜೆ ಸುಮ್ಮನೆ ನಿಲ್ಲುವುದಾ?

ನಿವೃತ್ತ ಸ್ಟಾರ್ಟರ್:
ನಿಲ್ಲಿಸುವುದು ಯಾಕೆ? ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಸಿಎಸ್‌ಎಂಟಿಯಿಂದ ನಾರಿಮನ್ ಪಾಯಿಂಟಿಗೆ ನೇರ ಹಾಕಿ, ಮಾಮೂಲು ಟಿಕೆಟ್ ತೆಗೆದುಕೊಳ್ಳಿ, ಅಲ್ಲಿ ಜನ ಕೊಡುತ್ತಾರೆ. ಆ ದುಡ್ಡಿನಲ್ಲಿ ಮಧ್ಯಾಹ್ನದ ಸುತ್ತಿನ ನಷ್ಟ ಸ್ವಲ್ಪ ತುಂಬುತ್ತದೆ, ಪೂರ್ತಿ ಅಲ್ಲ. ವಿಜಯಪುರದವರು ಹೇಳಿದ್ದು ಸರಿ, ಚಾಲಕರನ್ನು ಮೊದಲು ಖಾಲಿ ಗಾಡಿಯಲ್ಲಿ ಇದೇ ಬೀದಿಗಳಲ್ಲಿ ಓಡಿಸಬೇಕು. ಸ್ಟಾಪಿನೆದುರು ಟ್ಯಾಕ್ಸಿ ನಿಲ್ಲಿಸುವವರನ್ನು ಯಾರು ಎಬ್ಬಿಸುವುದು, ಅದನ್ನು ನಿಮ್ಮ ಕ್ಯಾಷಿಯರ್ ಹತ್ತಿರ ಕೇಳಿ ನೋಡಿ.